ದೊರೆ ಸತ್ತ ಜಾಗ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನನಗೆ ಅಷ್ಟು ಸಂಸ್ಕಾರ ಇಲ್ಲ. ಒಬ್ಬ ಇಂಗ್ಲಿಷ್ ದೊರೆ ಎಲ್ಲಿ ಸತ್ತ ಎಂದು ಹುಡುಕುತ್ತ ಮೂರು ವರ್ಷದ ಭಾನುವಾರಗಳನ್ನು ಹಾಳು ಮಾಡಿಕೊಂಡಿದ್ದೇನೆ. ಅವನನ್ನು ಬೈಯುವ ಹಕ್ಕು ನನಗಿದೆ. ನಮ್ಮ ಕಡೆಯ ಕುರುಚಲು ಗಿಡಗಳ ನಡುವೆ ಓಡಾಡುವ, ಮಣ್ಣಿನ ಬಣ್ಣದ ಒಂದು ಸಣ್ಣ ಹಕ್ಕಿಯ ಲ್ಯಾಟಿನ್ ಹೆಸರಿನ ಬಾಲಕ್ಕೆ ಅವನ ಹೆಸರು ಅಂಟಿಕೊಂಡಿದೆ. ಹಕ್ಕಿಗೆ ಅದು ಗೊತ್ತಿಲ್ಲ, ಅದರ ಪುಣ್ಯ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹಕ್ಕಿ ಹೊತ್ತು ತಿರುಗುತ್ತಿರುವುದೇ ಸಾಕು.

ಸ್ವಾತಂತ್ರ್ಯ ಬಂದು ಸುಮಾರು ಇಪ್ಪತ್ತೈದು ವರ್ಷವಾಗಿತ್ತು. ನಾನು ಹೊಸದುರ್ಗದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಹಕ್ಕಿಗಳ ಬಗ್ಗೆ ಎಲ್ಲೋ ಬರೆದಿದ್ದ ಒಂದು ಪುಟದ ಟಿಪ್ಪಣಿ ನೋಡಿ ಹೊರದೇಶದ ಪಂಡಿತನೊಬ್ಬ ನನಗೆ ಕಾಗದ ಬರೆದ. ಹಕ್ಕಿಗಳ ಶಾಸ್ತ್ರೀಯ ಹೆಸರುಗಳಲ್ಲಿ ಸೇರಿಕೊಂಡ ಮನುಷ್ಯರು ಎಲ್ಲಿ ಹುಟ್ಟಿದರು, ಏನು ಮಾಡಿದರು, ಎಲ್ಲಿ ಸತ್ತರು ಎಂದು ಅವನೊಂದು ಕೋಶ ಮಾಡುತ್ತಿದ್ದ. ಈ ದೊರೆ ಹಕ್ಕಿ ಹಿಡಿಯಲು ಬಂದವನು ಹಿರಿಯೂರಿನ ಹತ್ತಿರ ಜ್ವರದಿಂದ ಸತ್ತ ಎಂದು ಮೂರು ಪುಸ್ತಕಗಳಲ್ಲಿ ಇದೆಯಂತೆ. ನಿಜವೇ, ನೋಡಿ ತಿಳಿಸಿ ಎಂದಿದ್ದ. ಕೊನೆಗೆ ನನ್ನ ಹೆಸರನ್ನು ಕೃತಜ್ಞತೆಯೊಂದಿಗೆ ಮುದ್ರಿಸುವುದಾಗಿ ಒಂದು ಸಾಲು. ಆ ಸಾಲನ್ನು ನಾನು ಎಷ್ಟು ಸಲ ಓದಿದೆ ಎಂದು ಹೇಳಲು ನಾಚಿಕೆಯಾಗುತ್ತದೆ.

ಆ ಮೂರು ಪುಸ್ತಕಗಳ ಪುಟಗಳನ್ನೂ ಅವನು ಕಳಿಸಿದ್ದ. ಮೂರರಲ್ಲೂ ಹಿರಿಯೂರು ಸಮುದ್ರ ತೀರದಲ್ಲಿತ್ತು! ವೇದಾವತಿಯಲ್ಲಿ ಮೊಣಕಾಲುದ್ದ ನೀರು ಬಂದರೆ ಹಬ್ಬ ಮಾಡುವ ಊರನ್ನು ಮೊದಲನೆಯವನು ಕಡಲಿಗೆ ತಳ್ಳಿದ್ದಾನೆ, ಎರಡನೆಯವನು ನಕಲು ಹೊಡೆದಿದ್ದಾನೆ, ಮೂರನೆಯವನು ಆ ಇಬ್ಬರನ್ನೂ ಸಾಕ್ಷಿಗೆ ನಿಲ್ಲಿಸಿದ್ದಾನೆ. ಪರೀಕ್ಷೆಯಲ್ಲಿ ಅಕ್ಕಪಕ್ಕ ಕೂತ ನಮ್ಮ ಹುಡುಗರು ಇದಕ್ಕಿಂತ ನಾಜೂಕಾಗಿ ಕದಿಯುತ್ತಾರೆ. ನಾನು ಒಬ್ಬನೇ ನಕ್ಕೆ. ಇವರಿಗೆಲ್ಲ ಬುದ್ಧಿ ಕಲಿಸುತ್ತೇನೆ ಎಂದುಕೊಂಡೆ.

ಚಿತ್ರದುರ್ಗದ ಹಳೆ ಕಡತಗಳ ಕೋಣೆಯಲ್ಲಿ ಗೆದ್ದಲು ಉಳಿಸಿದ್ದನ್ನೆಲ್ಲ ತಿರುವಿ ಹಾಕಿದೆ. ದೊರೆ ಈ ಸೀಮೆಯಲ್ಲಿ ಇದ್ದದ್ದು ನಿಜ. ತನ್ನ ಡೇರೆಗೆ ಊರಿನವರು ಕೋಳಿ ಕೊಡುತ್ತಿಲ್ಲ ಎಂದು ಅವನು ಬರೆದ ದೂರು ಸಿಕ್ಕಿತು. ಸತ್ತ ಸುದ್ದಿ ಸಿಗಲಿಲ್ಲ. ಆಗ ಯಾರೋ ಹೊಳಲ್ಕೆರೆಯ ಒಬ್ಬ ನಿವೃತ್ತ ಅಮಲ್ದಾರರ ಹತ್ತಿರ ಹೋಗಿ ಎಂದರು. ಆ ಮಹಾಶಯರು ಒಂದು ಪಕ್ಷಿಪ್ರೇಮಿ ಸಂಘದ ಅಧ್ಯಕ್ಷರು. ಸಂಘದ ಸದಸ್ಯರು ಐದು ಜನ, ನಾಲ್ವರು ಅವರ ಬೀಗರ ಕಡೆಯವರು. ಗುಬ್ಬಿಗೂ ಗೀಜಗಕ್ಕೂ ವ್ಯತ್ಯಾಸ ತಿಳಿಯದ ಅವರು, ತಮ್ಮ ತಾತ ಆ ದೊರೆಯ ಕೈ ಕುಲುಕಿದ್ದನ್ನು ಮಾತ್ರ ಕಣ್ಣಾರೆ ಕಂಡವರಂತೆ ವರ್ಣಿಸಿದರು.

"ಆದಿವಾಲದಿಂದ ಆಚೆಗೆ ಒಂದು ಸಮಾಧಿ ಐತೆ ಮೇಷ್ಟ್ರೇ. ಗಾರೆದು. ಮೇಲೊಂದು ಹಕ್ಕಿ ಕೆತ್ತವ್ರೆ. ಅದು ದೊರೆದಲ್ದೆ ಇನ್ಯಾರ್ದು? ನಮ್ಮೋರಿಗೆ ಹಕ್ಕಿ ಕೆತ್ಸೋ ಬುದ್ಧಿ ಎಲ್ಲೈತ್ರಿ?" ಎಂದರು.

ಮುಂದಿನ ಭಾನುವಾರವೇ ಬಸ್ಸು ಹತ್ತಿದೆ. ಆದಿವಾಲದಲ್ಲಿ ಇಳಿದು ಬಿಸಿಲಿನಲ್ಲಿ ಎರಡು ಮೈಲಿ ನಡೆದರೆ, ಒಂದು ಕುರಿಹಟ್ಟಿಯ ಹಿಂದೆ ಸಮಾಧಿ ಇತ್ತು. ಅಕ್ಷರವಿಲ್ಲ, ಶಿಲುಬೆಯಿಲ್ಲ, ಹಕ್ಕಿ ಮಾತ್ರ ಇದೆ. ಕಲ್ಲಿನ ಮುಂದೆ ಬಾಡಿದ ಹೂವು, ಅರ್ಧ ಸುಟ್ಟ ಚುಟ್ಟ, ಬಾಳೆಲೆಯ ಚೂರು. ಹಿಂದಿನ ವಾರವಷ್ಟೇ ಮಹಾಲಯ ಅಮಾವಾಸ್ಯೆ ಕಳೆದಿತ್ತು. ಹಟ್ಟಿಯ ಮುದುಕಿಯೊಬ್ಬಳು ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದವಳು ಎದ್ದು ಬಂದಳು.

"ಏನ್ ಬರ್ಕಂತೀರಿ ಸ್ವಾಮಿ?"

"ಇಲ್ಲಿ ಮಲಗಿರೋ ದೊಡ್ಡ ಮನುಷ್ಯರ ಬಗ್ಗೆ ಅವ್ವ. ಪುಸ್ತಕದಲ್ಲಿ ಬರುತ್ತೆ."

ಆಕೆಯ ಮುಖ ಅರಳಿತು. "ಬರ್ಕಳ್ರಿ, ಬರ್ಕಳ್ರಿ. ಇಷ್ಟ್ ದಿನ ಯಾರೂ ಬರ್ದಿಲ್ಲ. ಕುಂತ್ಕಳ್ರಿ, ಮಜ್ಜಿಗೆ ತತ್ತೀನಿ."

ಮಜ್ಜಿಗೆ ಕುಡಿದೆ. ಸಮಾಧಿಯ ಉದ್ದ ಅಗಲ ಅಳೆದೆ, ಹಕ್ಕಿಯ ಚಿತ್ರ ಬರೆದುಕೊಂಡೆ. ಚುಟ್ಟ ಯಾಕೆ ಎಂದು ಕೇಳಿದೆ. ಅವರಿಗೆ ಅದು ಇಷ್ಟವಿತ್ತು, ಅದಕ್ಕೆ ಎಡೆಯಲ್ಲಿ ಇಡುತ್ತೇವೆ ಎಂದಳು. ಇನ್ನೇನು ಬೇಕು? ಊರಿಗೆ ಬಂದು ಬರೆದೆ: ದೊರೆ ಸತ್ತದ್ದು ಇಲ್ಲಿಯೇ, ಅವನ ಮೇಲಿನ ಪ್ರೀತಿಯಿಂದ ಇಲ್ಲಿನ ಕುರುಬರು ಇಂದಿಗೂ ಅವನಿಗೆ ಚುಟ್ಟ ಇಟ್ಟು ಪೂಜಿಸುತ್ತಾರೆ.

ಹೊರದೇಶದ ಪಂಡಿತ ಇಂಥದ್ದನ್ನು ನಂಬಿದ್ದರೆ ಅವನ ಅಜ್ಞಾನ ಎನ್ನಬಹುದು. ನನಗೇನಾಗಿತ್ತು ರೋಗ? ಮಹಾಲಯ ಅಮಾವಾಸ್ಯೆಯ ಎಡೆಯನ್ನು ಮನೆಯ ಹಿರಿಯರಿಗಲ್ಲದೆ ದಾರಿಹೋಕನಿಗೆ ಯಾರು ಇಡುತ್ತಾರೆ? ನನ್ನ ತಾಯಿ ನಮ್ಮ ಅಜ್ಜನಿಗೆ ಹೋಳಿಗೆಯ ಪಕ್ಕ ನಶ್ಯದ ಡಬ್ಬಿ ಇಡುತ್ತಿದ್ದಳು. ಪಕ್ಕದ ಮನೆಯವರ ಅಜ್ಜನಿಗೆ ಒಂದು ಅಗುಳೂ ಇಟ್ಟವಳಲ್ಲ. ಇದು ಈ ಸೀಮೆಯ ಕೂಸಿಗೂ ಗೊತ್ತು. ಇಲ್ಲಿ ಮಲಗಿರುವುದು ಯಾರು ಎಂಬ ಒಂದು ಪ್ರಶ್ನೆಯನ್ನು ನಾನು ಆಕೆಗೆ ಕೇಳಲಿಲ್ಲ. ಉತ್ತರ ಆಗಲೇ ನನ್ನ ಚೀಲದಲ್ಲಿತ್ತು, ಮೂರು ಪುಸ್ತಕದ ಪುಟಗಳಾಗಿ. ಹಿರಿಯೂರಿಗೆ ಸಮುದ್ರ ತಂದವರ ಸಾಲಿನಲ್ಲಿ ನಾಲ್ಕನೆಯವನು ನಾನು, ಅದೂ ಊರಿನವನು.

ಕೋಶ ಅಚ್ಚಾಯಿತು. ನನ್ನ ಹೆಸರೂ ಬಂತು. ಹೊಳಲ್ಕೆರೆಯ ಅಧ್ಯಕ್ಷರು ಆ ಪುಟವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಯಾರು ಯಾರನ್ನೋ ಕಂಡು, ಸಮಾಧಿಯ ಸುತ್ತ ಮುಳ್ಳುತಂತಿಯ ಬೇಲಿ ಹಾಕಿಸಿದರು. ಕಬ್ಬಿಣದ ಗೇಟು, ಬೀಗ, ದೊರೆಯ ಹೆಸರಿನ ಬೋರ್ಡು. ಬೀಗದ ಕೈ ಅವರ ಜುಬ್ಬದ ಜೇಬಿನಲ್ಲಿ. ಉದ್ಘಾಟನೆಗೆ ನನ್ನನ್ನೂ ಕರೆದು ಹಾರ ಹಾಕಿದರು. ಬೇಲಿಯಾಚೆ ಮುದುಕಿ ನಿಂತಿದ್ದದ್ದು ಕಂಡಿತ್ತು. ಸಮಾರಂಭ ನೋಡಲು ಬಂದಿದ್ದಾಳೆ ಎಂದುಕೊಂಡೆ.

ಒಂದು ವರ್ಷದ ಮೇಲೆ ಪಂಡಿತನಿಂದ ಕಾಗದ. ಯಾವುದೋ ಇಗರ್ಜಿಯ ದಾಖಲೆ ಸಿಕ್ಕಿದೆಯಂತೆ. ದೊರೆ ಜ್ವರದಿಂದ ಸತ್ತಿರಲೇ ಇಲ್ಲ. ತನ್ನ ದೇಶಕ್ಕೆ ಹೋಗಿ, ಹಣ್ಣು ಹಣ್ಣು ಮುದುಕನಾಗಿ, ಮೆತ್ತನೆ ಹಾಸಿಗೆಯಲ್ಲಿ ತೀರಿಕೊಂಡು, ಅಲ್ಲಿಯೇ ಮಣ್ಣಾಗಿದ್ದಾನೆ. ಕಾಗದ ಓದುತ್ತಿದ್ದಂತೆ ನನಗೆ ನೆನಪಾದದ್ದು ದೊರೆಯಲ್ಲ, ಬೇಲಿಯಾಚೆ ನಿಂತಿದ್ದ ಮುದುಕಿ.

ಹೊಳಲ್ಕೆರೆಗೆ ಓಡಿದೆ. ಅಧ್ಯಕ್ಷರು ಕಾಗದವನ್ನು ಮಡಚಿ ವಾಪಸು ಕೊಟ್ಟರು. "ಬೋರ್ಡು ಬರ್ಸಾಗೈತಲ್ಲ ಮೇಷ್ಟ್ರೇ. ಈಗ ದೊರೆ ಇಲ್ಲಿ ಸತ್ತಿಲ್ಲ ಅಂದ್ರೆ ನಾಲ್ಕು ಜನ ಏನಂದಾರು? ಸುಮ್ನಿರ್ರಿ, ನಿಮಗೂ ಹಾರ ಹಾಕಿಲ್ವಾ?" ಎಂದರು. ಬೀಗದ ಕೈ ಕೊಡಲಿಲ್ಲ.

ಮಹಾಲಯ ಅಮಾವಾಸ್ಯೆಯ ದಿನ ಬೆಳಿಗ್ಗೆ ಆದಿವಾಲಕ್ಕೆ ಹೋದೆ. ಮುದುಕಿ ಮಗ ಸೊಸೆಯರ ಜೊತೆ ಬೇಲಿಯ ಹೊರಗೆ ಕೂತಿದ್ದಳು. ಎಲೆಯ ಮೇಲೆ ಅನ್ನ, ಬಾಡು, ವಡೆ, ಒಂದು ಚುಟ್ಟ. ತಂತಿಯ ಸಂದಿನಲ್ಲಿ ಎಲೆಯನ್ನು ಒಳಗೆ ತಳ್ಳಲು ನೋಡುತ್ತಿದ್ದಳು. ಮುಳ್ಳು ತಾಗಿ ಎಲೆ ಸೀಳಿಹೋಯಿತು. ಹೋದ ವರ್ಷವೂ ಹೀಗೇ ಆಗಿತ್ತು ಎಂದು ಅವಳ ಮಗ ನನ್ನ ಮುಖ ನೋಡದೆ ಹೇಳಿದ.

ಆಗ ಕೇಳಿದೆ. "ಅವ್ವ, ಇಲ್ಲಿ ಮಲಗಿರೋದು ಯಾರು?"

"ನಮ್ ಮಾವನ ಅಪ್ಪ. ದೊರೆಗೆ ಹಕ್ಕಿ ಹಿಡ್ದು, ಚರ್ಮ ಸುಲ್ದು ಕೊಡ್ತಿದ್ದೋರು ಅವ್ರೇ. ದೊರೆ ಮರದ ನೆಳ್ಳಾಗೆ ಕುರ್ಚಿ ಹಾಕ್ಕಂಡ್ ಕುಂತ್ಕಂತಿದ್ನಂತೆ. ಮೊಟ್ಟೆ ಬೇಕು ಅಂತ ಬಂಡೆಯಿಂದ ಹಗ್ಗದಾಗೆ ಇಳಿಸ್ದ, ಹಗ್ಗ ಹರೀತು. ಗಾರೆ ಹಾಕ್ಸಿ, ಹಕ್ಕಿ ಕೆತ್ಸಿ, ಕುದ್ರೆ ಹತ್ತಿ ಹೊಂಟೋದ."

"ಅವತ್ತೇ ಹೇಳಬಾರದಿತ್ತಾ?"

"ನೀವು ಕೇಳ್ಲಿಲ್ಲ. ಓದ್ದೋರು, ಗೊತ್ತೈತೇನೋ ಅನ್ಕಂಡೆ."

ದಾರಿಯಲ್ಲಿದ್ದ ಗುಂಡುಕಲ್ಲೊಂದನ್ನು ಎತ್ತಿ ಬೀಗಕ್ಕೆ ಹೊಡೆದೆ. ಆರನೆಯ ಏಟಿಗೆ ಬಿಟ್ಟುಕೊಂಡಿತು. ಸರ್ಕಾರಿ ಸಂಬಳ ತಿನ್ನುವ ಮೇಷ್ಟ್ರು ಬೀಗ ಒಡೆದದ್ದನ್ನು ನೋಡಿ ಅವಳ ಮಗ ಗಾಬರಿಯಾದ. ಮುದುಕಿ ಆಗಲಿಲ್ಲ. ಹೊಸ ಎಲೆ ತರಿಸಿ, ಒಳಗೆ ಹೋಗಿ, ಸೆರಗಿನಿಂದ ಕಲ್ಲು ಒರೆಸಿ, ಎಡೆ ಇಟ್ಟು ಕೈ ಮುಗಿದಳು. ನಾನು ಜೇಬಿನಿಂದ ಪೆನ್ನು ತೆಗೆದು, "ಅವರ ಹೆಸರು ಹೇಳವ್ವ, ಈ ಸಲ ಸರಿಯಾಗಿ ಬರೀತೀನಿ" ಎಂದೆ.

ಅವಳು ಪೆನ್ನು ನೋಡಿದಳು, ಬಿದ್ದಿದ್ದ ಬೀಗ ನೋಡಿದಳು.

"ಬ್ಯಾಡ ಮೇಷ್ಟ್ರೇ. ನೀವು ಬರ್ದ್ರೆ ಇನ್ನೊಂದ್ ಬೇಲಿ ಹಾಕ್ತಾರೆ. ಊಟ ಮಾಡ್ಕಂಡ್ ಹೋಗ್ರಿ."

ಊಟ ಮಾಡಿ ಬಂದೆ. ಸಮಾಧಿ ದೊರೆಯದಲ್ಲ, ನಾನು ಬರೆದದ್ದನ್ನು ತೆಗೆದುಹಾಕಿ ಎಂದು ಪಂಡಿತನಿಗೆ ತಿಳಿಸಿದೆ. ಹಾಗಾದರೆ ಅದು ಯಾರದು ಎಂದು ಅವನು ಕೇಳಿದ. ಹೆಸರು ನನಗೆ ಗೊತ್ತಿಲ್ಲ ಎಂದು ಬರೆದೆ. ಅವನಿಗೆ ನಾನು ಬರೆದ ಕಾಗದಗಳಲ್ಲಿ ಖಂಡಿತವಾಗಿ ನಿಜವೆನ್ನಬಹುದಾದ ಮಾತು ಅದೊಂದೇ.