ಒಳಕೋಣೆಯ ಚಿಲಕ

ವರ್ಕ್‌ಶಾಪಿನ ಉಗ್ರಾಣದ ಕಿಂಡಿಯಲ್ಲಿ ಕೂರುವ ಹೆಂಗಸಿಗೆ ಪಾಯಿಂಟಕ್ಕ ಎಂಬ ಅಡ್ಡಹೆಸರು ಅಂಟಿಕೊಂಡು ಎಷ್ಟೋ ವರ್ಷವಾಗಿತ್ತು. ಹೊರಗಿನವರಿಗೆ ಕಾಣುತ್ತಿದ್ದುದು ಅವಳ ಕೈಗಳು ಮಾತ್ರ. ಐದು ಎಂಎಂ ಸ್ಕ್ರೂ ಕೂರಲು ತೂತಿನೊಳಗೆ ಸುರುಳಿ ಗೀರಿನ ಥ್ರೆಡ್ ಮಾಡಬೇಕು ಎಂದು ಯಾರಾದರೂ ಬಂದರೆ, "ಐದರಲ್ಲಿ ಪಾಯಿಂಟ್ ಎಂಟು ಕಳೆದ್ರೆ ನಾಲ್ಕು ಪಾಯಿಂಟ್ ಎರಡು" ಎಂದು ಥ್ರೆಡ್ಡಿನ ಸುತ್ತುಗಳ ಅಂತರವನ್ನು ಕಳೆದು, ಆ ಅಳತೆಯ ಡ್ರಿಲ್ ಬಿಟ್ ತೆಗೆದುಕೊಡುವಳು. ಸ್ಕ್ರೂವಿನಷ್ಟೇ ಅಗಲದ ತೂತು ಕೊರೆದರೆ ಥ್ರೆಡ್ಡಿಗೆ ಕಚ್ಚಿಕೊಳ್ಳಲು ಲೋಹವೇ ಉಳಿಯುವುದಿಲ್ಲ ಎಂಬುದು ಅವಳಿಗೆ ಬಾಯಿಪಾಠ. ಇದಕ್ಕಿಂತ ಉದ್ದದ ಮಾತು ಅವಳ ಪಾಲಿಗೆ ಬರುತ್ತಿದ್ದುದು ಅಪರೂಪ. ಮನೆಗೆ ಹೋದರೆ ಅದೂ ಇಲ್ಲ. ಎರಡು ಕೋಣೆ, ಒಂದು ತಟ್ಟೆ.

ತನ್ನ ಗಂಡ ತೀರಿಕೊಂಡ ಮೇಲೆ ತಂಗಿ ಇವಳಲ್ಲಿಗೆ ಬಂದಳು. ಬ್ಯಾಗು ಬಿಚ್ಚುವ ಮೊದಲೇ ಒಳಕೋಣೆಯ ಕಬ್ಬಿಣದ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು.

"ಇದಕ್ಕೆ ಒಳಗಿಂದ ಚಿಲಕ ಇಲ್ವಾ ಅಕ್ಕ?"

"ಇಲ್ಲಿ ಯಾರಿಂದ ಬಚ್ಚಿಟ್ಕೋಬೇಕಿತ್ತು ನಾನು?"

"ನಾನು ತುಂಬಿದ ಮನೇಲಿ ಬಾಳಿದೋಳು. ಅಳೋಕೂ ಒಂದು ಮೂಲೆ ಸಿಗಲಿಲ್ಲ. ಚಿಲಕ ಇದ್ರೆ ಇರ್ತೀನಿ. ಇಲ್ದಿದ್ರೆ ಭಾನುವಾರ ಹೊರಟೆ, ಬೇಜಾರ್ ಮಾಡ್ಕೋಬೇಡ."

ಯಾರಿಂದಲಾದರೂ ಹಾಕಿಸಬಹುದಿತ್ತು. "ನಾನೇ ಹಾಕ್ತೀನಿ" ಎಂದಳು ಅಕ್ಕ. ಇಷ್ಟು ಕಾಲ ಬಿಟ್ ಕೊಟ್ಟವಳಿಗೆ ತೂತು ಕೊರೆಯುವುದು ಏನು ಮಹಾ.

ಉಗ್ರಾಣದಲ್ಲಿ ಸವೆದು ಮೂಲೆಗೆ ಬಿದ್ದವುಗಳಲ್ಲಿ ನಾಲ್ಕು ಪಾಯಿಂಟ್ ಎರಡರ ಬಿಟ್ ಒಂದನ್ನು ಕೇಳಿ ತಂದಳು. ಬಾಗಿಲಿನ ದಪ್ಪ ಪಟ್ಟಿಯಲ್ಲಿ ಕೊರೆದಳು, ಸುರುಳಿ ಕೊರೆಯುವ ಟ್ಯಾಪ್ ಎಂಬ ಉಪಕರಣವನ್ನು ತೂತಿನಲ್ಲಿ ತಿರುಗಿಸಿ ಥ್ರೆಡ್ ಮಾಡಿದಳು. ಸ್ಕ್ರೂ ಬಿಗಿಯಾಗುವ ಬದಲು ಸುಮ್ಮನೆ ಸುತ್ತುತ್ತಲೇ ಇತ್ತು. ತಂಗಿ ನೋಡಿದಳು. ಬ್ಯಾಗು ಬಿಚ್ಚಲಿಲ್ಲ.

ಮರುದಿನ ಕಿಂಡಿಗೆ ಬಂದ, ಲೇತ್ ಯಂತ್ರದ ಹಳೆಯ ಟರ್ನರನಿಗೆ ಆ ಬಿಟ್ ತೋರಿಸಿದಳು. ಅವನು ಬೆಳಕಿಗೆ ಹಿಡಿದು ನೋಡಿದ.

"ನಂಬರ್ ಸರಿ ಇದೆ ಪಾಯಿಂಟಕ್ಕ, ಮೂತಿ ಸೊಟ್ಟ. ಯಾವನೋ ಕೈಯಲ್ಲೇ ಸಾಣೆ ಹಿಡಿದಿದಾನೆ. ಒಂದು ಅಂಚು ಉದ್ದ, ಒಂದು ಗಿಡ್ಡ. ತೂತು ಅಗಲ ಆಗ್ದೆ ಇನ್ನೇನು? ಇಷ್ಟು ವರ್ಷ ಬಾಲದ ನಂಬರ್ ನೋಡಿ ಕೊಟ್ರಿ, ಮುಖ ನೋಡ್ಲೇ ಇಲ್ವಾ?"

"ನನ್ನ ಮುಖ ನೀವು ನೋಡಿದೀರಾ?"

ಟರ್ನರ್ ನಗಲಿಲ್ಲ. ಬಿಟ್ ಅನ್ನು ಕಿಂಡಿಯಲ್ಲಿ ವಾಪಸ್ ಇಟ್ಟು, "ಕೆಟ್ಟ ತೂತು ಚಿಕ್ಕದಾಗಲ್ಲ. ಆರರ ಸ್ಕ್ರೂಗೆ ಏರಿಸಿ" ಎಂದ.

"ಆರರಲ್ಲಿ ಒಂದು ಕಳೆದ್ರೆ ಐದು" ಎಂದಳು ಅವಳು, ಅಭ್ಯಾಸಬಲದಿಂದ.

ಈ ಸಲ ಅಂಗಡಿಯಿಂದ ಹೊಸ ಬಿಟ್ ತಂದಳು. ನಂಬರಿಗಿಂತ ಮೊದಲು ತುದಿ ನೋಡಿದಳು. ಹಾಳಾದ ತೂತುಗಳನ್ನು ಐದಕ್ಕೆ ಕೊರೆದು, ಹೊಸ ಥ್ರೆಡ್ ಮಾಡಿ, ಚಿಲಕದ ತೂತುಗಳನ್ನೂ ಹಿಗ್ಗಿಸಿ ಸ್ಕ್ರೂ ಬಿಗಿದಳು. ತಂಗಿ ಎರಡು ಕೈಯಿಂದ ಜಗ್ಗಿ ನೋಡಿ, ಬ್ಯಾಗಿನ ಬಟ್ಟೆಗಳನ್ನು ಗೂಡಿಗೆ ಜೋಡಿಸಿದಳು.

ಈಗ ಊಟವಾದೊಡನೆ ತಂಗಿ ಒಳಕೋಣೆಗೆ ಹೋಗುತ್ತಾಳೆ. ಚಿಲಕ ಸರಿಯುತ್ತದೆ. ಅಕ್ಕ ಎರಡು ತಟ್ಟೆ ತೊಳೆದು ಕವುಚಿ, ಹೊರಕೋಣೆಯಲ್ಲಿ ಕೂರುತ್ತಾಳೆ. ಒಂದು ಸಂಜೆ ಎದ್ದುಹೋಗಿ ಬಾಗಿಲನ್ನು ಅಂಗೈಯಿಂದ ತಳ್ಳಿ ನೋಡಿದಳು. ಅದು ಅಲುಗಲಿಲ್ಲ.

"ಯಾರದು?"

"ಇನ್ಯಾರಿದಾರೆ? ಸ್ಕ್ರೂ ಸಡಿಲ ಆಗಿದ್ಯಾ ಅಂತ ನೋಡ್ದೆ."

"ಇಲ್ಲ ಅಕ್ಕ, ಗಟ್ಟಿಯಾಗಿದೆ."