ಟವಲಿನ ಕೆಳಗೆ ಮಾರಿದ ಮನೆ

ಮನೆ ಮಾರಿಸಲು ಎತ್ತಿನ ದಲಾಲಿಯನ್ನು ಕರೆದ ಬುದ್ಧಿವಂತರು ನಿಜಾಮರ ಸೀಮೆಯಲ್ಲೆಲ್ಲ ನಾವೊಬ್ಬರೇ ಇರಬೇಕು. ಇವತ್ತಿಗೂ ನೆನೆದರೆ ನನಗೆ ಮೈ ಉರಿಯುತ್ತದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ಮಸ್ಕಿಯ ಮನೆ ಮಾರಿ, ಸಿಂಧನೂರಿನಲ್ಲಿ ನನ್ನ ಜೊತೆ ಇರಲು ಒಪ್ಪಿದ್ದಳು. ನಾನು ಒಬ್ಬಳೇ ಮಗಳು. ಅವಳದು ಒಂದೇ ಹಟ. ಹಿತ್ತಲಲ್ಲಿ ಅಪ್ಪನನ್ನು ಮಣ್ಣು ಮಾಡಿ ಕಟ್ಟಿಸಿದ ಸಾದಾ ಕಲ್ಲಿನ ಗದ್ದುಗೆ ಇತ್ತು. ಕೊಂಡವರು ಅದನ್ನು ಮುಟ್ಟಬಾರದು, ಅಮಾವಾಸ್ಯೆಗೊಮ್ಮೆ ಹೂ ಏರಿಸಲು ಅವಳನ್ನು ಒಳಗೆ ಬಿಡಬೇಕು.

ಮೊದಲು ಲಿಂಗಸುಗೂರಿನಿಂದ ಮನೆ ಮಾರಿಸುವ ದಲಾಲಿಯೊಬ್ಬ ಬಂದ. ಗೋಡೆ ಯಾರದು, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಹಿತ್ತಲಲ್ಲಿ ಯಾರದಾದರೂ ಹಕ್ಕಿದೆಯೇ ಎಂದು ಕೇಳಿದ್ದೇ ಕೇಳಿದ್ದು. ನನ್ನ ಸೋದರಮಾವನಿಗೆ ಸಿಟ್ಟು ನೆತ್ತಿಗೇರಿತು. "ಮನಿ ಮಾರಾಕ ಬಂದಾನೋ, ಕಳ್ಳರ್ನ ಹಿಡ್ಯಾಕ ಬಂದಾನೋ?" ಎಂದು ಅವನನ್ನು ಸಾಗಹಾಕಿದ. ಏನೂ ಕೇಳದವನೇ ಒಳ್ಳೆಯವನೆಂದು ಸಂತೆಯ ಎತ್ತಿನ ದಲಾಲಿಯನ್ನು ಕರೆತಂದ. ಎಂಥಾ ಜಾಣ!

ಅವ್ವ ಒಪ್ಪಲು ಕಾರಣ ಬೇರೆ. ಹಿಂದೆ ಅಪ್ಪನ ಎತ್ತು ಮಾರಿಸಿದಾಗ ಇದೇ ಮನುಷ್ಯ ಕೊರಳ ಹಗ್ಗ ಬಿಚ್ಚಿ ಅವಳ ಕೈಗಿಟ್ಟಿದ್ದ. ಎತ್ತು ಕೊಟ್ಟರೂ ಹಗ್ಗ ಕೊಡಬಾರದಲ್ಲ, ಮನೆಯ ಲಕ್ಷ್ಮಿ ಹೋಗುತ್ತಾಳೆ. ಅಷ್ಟು ನೆನಪಿಟ್ಟವನು ಗದ್ದುಗೆಯನ್ನು ಮರೆಯುತ್ತಾನೆಯೇ ಎಂದುಕೊಂಡಳು ಪಾಪ. ಅವನಿಗೆ ಕೈಮುಗಿದು ಹೇಳಿದಳು: "ಬೆಲಿ ಮಾತು ಹಿಂದಿಂದ ಆಗ್ಲಿ, ಗದ್ದುಗಿ ಮಾತು ಮೊದಲು ಆಡಪಾ."

"ಆತ್ ತಗೋ ಯಕ್ಕಾ, ನಾ ಅದೀನಲ್ಲ!"

ಕೊಳ್ಳಲು ಬಂದವನು ಗುರುಗುಂಟಾ ಕಡೆಯ ಹತ್ತಿ ವ್ಯಾಪಾರಿ. ನಮ್ಮ ಕಟ್ಟೆಯ ಮೇಲೆಯೇ ಸೌದಾ ನಡೆಯಿತು. ದಲಾಲಿ ಸಂತೆಯಲ್ಲಿ ಮಾಡುವಂತೆಯೇ ವ್ಯಾಪಾರಿಯ ಕೈ ಮೇಲೆ ಟವಲು ಹೊದಿಸಿದ. ಒಳಗೆ ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ, ಬೆರಳು ಬಿಟ್ಟರೆ ಇಳಿಕೆ. ಇಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಕೊನೆಗೆ ದಲಾಲಿ ಟವಲು ಕೊಡವಿ "ಮುಗೀತು" ಎಂದ. ಬಾಗಿಲ ಮರೆಯಲ್ಲಿ ನಿಂತಿದ್ದ ಅವ್ವ, ಗದ್ದುಗೆಯ ಮಾತೂ ಮುಗಿದಿದೆ ಎಂದೇ ತಿಳಿದಳು.

ಮನೆ ಬಿಟ್ಟುಕೊಟ್ಟ ಮೇಲಿನ ಮೊದಲ ಅಮಾವಾಸ್ಯೆಗೆ ಹೂವಿನ ಬುಟ್ಟಿ ಹಿಡಿದು ಹೋದೆವು. ಗದ್ದುಗೆ ಕಿತ್ತು, ಅದೇ ಕಲ್ಲಿನಿಂದ ಎಮ್ಮೆಗೆ ಮೇವು ಹಾಕುವ ಗೋದಲಿ ಕಟ್ಟಿದ್ದರು. "ನಮ್ಮಪ್ಪನ ಗದ್ದುಗಿ ಎಲ್ಲಿ?" ಎಂದು ಕೂಗಿದೆ. ವ್ಯಾಪಾರಿ ಗಾಬರಿಯಾಗಿ, "ನಿಮ್ಮಾಣಿ ಯವ್ವಾ, ನನಗ ಯಾರೂ ಹೇಳಿಲ್ರೀ. ಬಟ್ಟಿ ಒಗಿಯೋ ಕಟ್ಟಿ ಅಂದ್ಕೊಂಡಿದ್ನಿ" ಎಂದ. ಅವನನ್ನು ಏನೆಂದು ಬೈಯಲಿ? ಅವ್ವ ಹೂವನ್ನು ಆ ಕಲ್ಲುಗಳ ಮೇಲೇ ಇಟ್ಟಳು. ಎಮ್ಮೆ ಕತ್ತು ಚಾಚಿ ತಿಂದಿತು.

ಅಲ್ಲಿಂದ ನೆಟ್ಟಗೆ ಸಂತೆಗೆ ನಡೆದೆ. ದಲಾಲಿ ಇನ್ನೊಂದು ಸೌದಾ ಮುಗಿಸಿ ಎತ್ತಿನ ಕೊರಳ ಹಗ್ಗ ಬಿಚ್ಚುತ್ತಿದ್ದ.

"ಏ ಹಾಳಾದವನ, ಬಾಯಿ ಇರಲಿಲ್ಲೇನು ನಿನಗ?" ಎಂದೆ, ಸಂತೆಗೆ ಸಂತೆಯೇ ತಿರುಗಿ ನೋಡುವಂತೆ.

"ಸಿಟ್ಟಾಗಬ್ಯಾಡ ತಂಗಿ. ಟವಲಿನಾಗ ಬೆಲಿ ಹೇಳಾಕ ಬೆರಳದಾವ. ಗದ್ದುಗಿ ಅನ್ನಾಕ ಯಾವ ಬೆರಳು ಹಿಡೀಲಿ? ಬಾಯಿಲೆ ಹೇಳಿದ್ರ ಗಿರಾಕಿ ಎದ್ದು ಹೋಗ್ತಿದ್ದ."

"ನಿನ್ನ ನಾಲಿಗಿ ಬಿದ್ದು ಹೋಗ್ಲಿ!" ಎಂದು ಕಿರುಚಿದೆ. ಸುತ್ತಲಿದ್ದ ಗಂಡಸರು ನಕ್ಕರು. ಅಷ್ಟರಲ್ಲಿ ಅವ್ವ ಖಾಲಿ ಬುಟ್ಟಿ ಹಿಡಿದು ಹಿಂದೆ ಬಂದು ನಿಂತಳು. ಬಿಚ್ಚಿದ ಹಗ್ಗವನ್ನು ಅವನು ಎತ್ತು ಮಾರಿದವನ ಕೈಗೆ ಕೊಡುವುದನ್ನು ನೋಡಿದಳು.

"ಎತ್ತಿನ ಹಗ್ಗ ಒಮ್ಮೆನೂ ಮರೀಲಿಲ್ಲ ನೀ," ಎಂದಳು. "ನನ್ನ ಗಂಡನ್ನ ಮರ್ತಿ."