ಅಂಗಳದ ಮೇಲೊಂದು ಗಿಡ್ಡ ಗುಮ್ಮಟ

ನಮ್ಮ ತವರುಮನೆಯಲ್ಲಿ ಅಂಜುವ ಕೆಲಸವನ್ನು ಪೂರ್ತಿ ನನಗೇ ವಹಿಸಿಬಿಟ್ಟಿದ್ದಾರೆ. ಗ್ಯಾಸ್ ಬಂದ್ ಮಾಡಿದ್ದೀರಾ ಎಂದು ಧಾರವಾಡದಿಂದ ಫೋನ್ ಹಚ್ಚಿ ಕೇಳುವವಳು ನಾನು, ಹುಬ್ಬಳ್ಳಿಯಲ್ಲಿ ಕೂತು ನಗುವವರು ಅವರು. ಕಾಲೇಜಿನಲ್ಲಿ ಗಣಿತ ಕಲಿಸುವವಳು ಹೀಗೆ ಅಂಜಿದರೆ ಹೇಗೆ ಎಂದು ನನ್ನ ತಮ್ಮ ಕಾಡಿಸುತ್ತಾನೆ. ಗಣಿತ ಕಲಿತರೆ ಅಂಜಿಕೆ ಹೋಗುವುದಿಲ್ಲ, ಎಷ್ಟು ಅಂಜಬೇಕು ಎಂಬುದು ಮಾತ್ರ ತಿಳಿಯುತ್ತದೆ. ಇದನ್ನು ಅವನಿಗೆ ಹೇಳಿ ಉಪಯೋಗವಿಲ್ಲ. ಬೀಜ ಗೊಬ್ಬರದ ಅಂಗಡಿ ಇಟ್ಟವನು ಅವನು, ಬಿತ್ತಿದ್ದೆಲ್ಲ ಬೆಳೆಯುತ್ತದೆ ಎಂದು ನಂಬದೆ ಆ ವ್ಯಾಪಾರ ನಡೆಯುವುದಿಲ್ಲ.

ಅವನ ಹೆಂಡತಿ ತಿಂಗಳು ತುಂಬುವ ಮೊದಲೇ ಹಡೆದಳು. ಹೆಣ್ಣು ಕೂಸು, ಬಹಳ ಸಣ್ಣದು. ಸತ್ತೂರಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನನ್ನ ಮನೆ ಅಲ್ಲಿಗೆ ಹತ್ತಿರವಾದ್ದರಿಂದ ಊಟದ ಡಬ್ಬಿ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಅರ್ಧ ರೊಟ್ಟಿ ತಿಂದು ಡಬ್ಬಿ ಮುಚ್ಚುತ್ತಿದ್ದಳು. ಮೊದಲೇ ಮಾತು ಕಡಿಮೆಯವಳು, ಆ ದಿನಗಳಲ್ಲಿ ಮಾತೇ ನಿಂತುಹೋಗಿತ್ತು.

ಇನ್ನು ಕೂಸನ್ನು ಮನೆಗೆ ಕರೆದೊಯ್ಯಬಹುದು ಎಂದು ಡಾಕ್ಟರು ಹೇಳಿದಾಗ ತಮ್ಮನಿಗೆ ನೆನಪಾದದ್ದು ಮಂಗಗಳು. ಹಳೇ ಹುಬ್ಬಳ್ಳಿಯ ನಮ್ಮ ಮನೆಗೆ ನಡುವೆ ಹದಿನಾರು ಅಡಿ ಚೌಕದ ಅಂಗಳವಿದೆ. ಸುತ್ತ ಖೋಲಿಗಳು, ಮೇಲೆ ಬಯಲು ಆಕಾಶ. ಮಂಗಗಳು ಅಲ್ಲಿಂದ ಇಳಿದು ಅಡುಗೆಮನೆಗೆ ಬಂದು, ಬೇಕಾದ್ದು ತಿಂದು, ಬೇಡವಾದ್ದನ್ನು ಚೆಲ್ಲಿ ಹೋಗುವುದು ರೂಢಿ. ಕೈಗೂಸಿರುವ ಮನೆಯಲ್ಲಿ ಅದು ನಡೆಯುವಂತಿರಲಿಲ್ಲ. ಸ್ಲ್ಯಾಬ್ ಹಾಕಿ ಮುಚ್ಚಿದರೆ ನಡುಮನೆ ಹಾಡಹಗಲೇ ಕತ್ತಲಾಗುತ್ತದೆ ಎಂದು ಅವ್ವ ತಕರಾರು ತೆಗೆದಳು. ಆಗ ತಮ್ಮ ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಪೈಪಿನ ತ್ರಿಕೋನಗಳನ್ನು ಒಂದಕ್ಕೊಂದು ಜೋಡಿಸಿ, ಬೆಳಕು ಬಿಡುವ ಹಾಳೆ ಹೊದಿಸಿದ ಗುಂಡನೆಯ ಗೂಡು. ಜಿಯೊಡೆಸಿಕ್ ಡೋಮ್ ಅನ್ನುತ್ತಾರಂತೆ, ನಡುವೆ ಕಂಬ ಬೇಡ, ತೊಲೆ ಬೇಡ.

ಅವ್ವ ಫೋಟೋವನ್ನು ದೂರ ಹಿಡಿದು ನೋಡಿದಳು. "ಗುಮ್ಮಟ ಇರೂದು ಗದ್ದಗಿ ಮ್ಯಾಲ. ಬದುಕಿದ್ದವರ ತಲಿ ಮ್ಯಾಲ ಯಾರರ ಗುಮ್ಮಟ ಕಟ್ಟತಾರೇನು?" ಎಂದಳು. ಲಿಂಗೈಕ್ಯರಾದ ಸ್ವಾಮಿಗಳ ಸಮಾಧಿಗೆ ಇರಬೇಕಾದದ್ದು ಸಂಸಾರಸ್ಥರ ಮನೆಗೆ ಬರಬಾರದು ಎಂಬುದು ಅವಳ ಲೆಕ್ಕ. ಎರಡು ದಿನ ವಾದ ನಡೆದು ಕೊನೆಗೆ ರಾಜಿಯಾಯಿತು: ಕಟ್ಟಿರಿ, ಆದರೆ ಓಣಿಯಲ್ಲಿ ನಿಂತವರಿಗೆ ಅದು ಕಾಣಬಾರದು. ಮಾಳಿಗೆಯ ಸುತ್ತಲಿನ ಗೋಡೆ ಎರಡೂವರೆ ಅಡಿ. ಅದರ ಹಿಂದೆ ಅಡಗಬೇಕೆಂದರೆ ಗುಮ್ಮಟದ ಎತ್ತರ ಎರಡೇ ಅಡಿ.

ಲೆಕ್ಕ ನನ್ನ ಕೊರಳಿಗೆ ಬಿತ್ತು. ತಮ್ಮ ಇಂಟರ್ನೆಟ್ಟಿನಿಂದ ಒಂದು ಕೋಷ್ಟಕ ತೆಗೆದಿದ್ದ. ಅಗಲ ಹಾಕಿದರೆ ಪೈಪಿನ ಅಳತೆ ತಾನೇ ಹೇಳುತ್ತದೆ. ಆದರೆ ಅದು ಹೇಳುವುದು ಅರ್ಧಗೋಲಕ್ಕೆ, ಹದಿನಾರು ಅಡಿ ಅಗಲಕ್ಕೆ ಎಂಟು ಅಡಿ ಎತ್ತರ. ಎತ್ತರವನ್ನಷ್ಟೇ ಕಡಿಮೆ ಮಾಡಿಕೊಡು ಎಂದ. ಹಾಗೆ ಒತ್ತಿ ಕೂರಿಸಲಾಗುವುದಿಲ್ಲ, ಎಲ್ಲ ಪೈಪುಗಳ ಅಳತೆಯೂ ಕೆಡುತ್ತದೆ ಎಂದು ಅವನಿಗೆ ಕಲ್ಲಂಗಡಿ ಕೊಯ್ದು ತೋರಿಸಬೇಕಾಯಿತು. ಗಿಡ್ಡ ಗುಮ್ಮಟವೆಂದರೆ ಸಣ್ಣ ಹಣ್ಣಿನ ಅರ್ಧ ಹೋಳಲ್ಲ, ದೊಡ್ಡ ಹಣ್ಣಿನ ತುದಿಯಿಂದ ತೆಗೆದ ತೆಳು ಹೋಳು. ಆ ದೊಡ್ಡ ಹಣ್ಣು ಎಷ್ಟು ದೊಡ್ಡದು ಎಂದು ಮೊದಲು ತಿಳಿಯಬೇಕು. ಅರ್ಧ ಅಗಲ ಎಂಟು, ಅದರ ವರ್ಗ ಅರವತ್ತನಾಲ್ಕು. ಎತ್ತರ ಎರಡು, ಅದರ ವರ್ಗ ನಾಲ್ಕು. ಎರಡೂ ಕೂಡಿ ಅರವತ್ತೆಂಟು, ಅದನ್ನು ಎತ್ತರದ ಇಮ್ಮಡಿಯಿಂದ ಭಾಗಿಸಿದರೆ ಹದಿನೇಳು. ಹದಿನೇಳು ಅಡಿ ತ್ರಿಜ್ಯದ ಗೋಲ. ಶೇಷವಿಲ್ಲದೆ ಬಂತಲ್ಲ ಎಂದು ನನಗೆ ಖುಷಿಯಾಯಿತು.

ಆ ಖುಷಿ ಸಂಜೆಯವರೆಗೂ ಉಳಿಯಲಿಲ್ಲ. ಅಂಚಿನಿಂದ ನೆತ್ತಿಯವರೆಗೆ ಮೂರು ಹಂತ ಮಾಡಿ, ಪೈಪುಗಳು ಸೇರುವ ಪ್ರತಿ ಗಂಟಿನ ಜಾಗ ಗುರುತಿಸಿ, ಗಂಟಿನಿಂದ ಗಂಟಿಗೆ ಪೈಪಿನ ಉದ್ದ ತೆಗೆಯುತ್ತ ನಡುವಿಗೆ ಬಂದೆ. ಎಲ್ಲಕ್ಕಿಂತ ಮೇಲಿನ ಆ ನಡುಗಂಟಿಗೆ ಆರು ಪೈಪು ಬಂದು ಸೇರುತ್ತವೆ. ಒಂದೊಂದೂ ಮೂರು ಅಡಿಗೆ ತುಸು ಕಡಿಮೆ. ಆದರೆ ನಡುಗಂಟು ತನ್ನ ಸುತ್ತಲಿನ ಆರು ಗಂಟುಗಳಿಗಿಂತ ಎಷ್ಟು ಎತ್ತರದಲ್ಲಿದೆ ಎಂದು ನೋಡಿದರೆ ಮೂರು ಇಂಚೂ ಇಲ್ಲ. ಮುಂದಿನ ಲೆಕ್ಕ ಮಾಡದಿದ್ದರೆ ಚೆನ್ನಾಗಿತ್ತು. ಆ ಆರು ಪೈಪುಗಳು ಪೂರ್ತಿ ಮಟ್ಟಸವಾಗಿ ಮಲಗಲು ಉದ್ದದಲ್ಲಿ ಎಷ್ಟು ಕಡಿಮೆಯಾಗಬೇಕು? ಮೂರು ಮಿಲಿಮೀಟರ್. ಅದಕ್ಕಿಂತ ಹೆಚ್ಚಿಗೆ ಸಡಿಲಾದರೆ, ಮೇಲಿನಿಂದ ಒತ್ತಿದಾಗ ನಡುಭಾಗ ಡಬ್ಬಿಯ ತಗಡಿನ ಮುಚ್ಚಳದಂತೆ ಟಪ್ಪೆಂದು ಒಳಕ್ಕೆ ಮಗುಚುತ್ತದೆ. ಎತ್ತರದ ಗುಮ್ಮಟಕ್ಕೆ ಈ ಭಯ ಕಡಿಮೆ. ಗಿಡ್ಡದಾದಷ್ಟೂ ಭಯ ದೊಡ್ಡದು.

ಪೈಪು ಕೊಯ್ದು ಕಟ್ಟಿದವರು ನಾವೆಲ್ಲ ಕಾಕಾ ಎಂದು ಕರೆಯುವ ವೆಲ್ಡರು. ನಮ್ಮಪ್ಪನ ಕಾಲದಿಂದ ನಮ್ಮ ಮನೆಯ ಗೇಟು, ಕಿಟಕಿ ಗ್ರಿಲ್ಲು ಎಲ್ಲ ಅವರದೇ ವೆಲ್ಡಿಂಗ್ ಅಂಗಡಿಯವು. ಉರ್ದು ಬೆರೆಸಿ ಬಹಳ ಸಮಾಧಾನದಿಂದ ಮಾತಾಡುತ್ತಾರೆ. ನನ್ನ ಅಳತೆಗಳಿಗೆ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿ ಪೈಪು ಬೇರೆ ಬೇರೆ ಇಟ್ಟರು. ಉದ್ದದಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಗೇಟು ಮಾಡುವ ಕೈ ಅದು. ಗೇಟಿಗೆ ಸ್ವಲ್ಪ ಸಡಿಲು ಬಿಡಬೇಕು, ಇಲ್ಲದಿದ್ದರೆ ಬಿಸಿಲಿಗೆ ಹಿಗ್ಗಿ ಹಿಡಿದುಕೊಳ್ಳುತ್ತದೆ. ಆ ರೂಢಿಯಲ್ಲೇ ಬೋಲ್ಟಿಗಿಂತ ತೂತನ್ನು ಕೂದಲಿನಷ್ಟು ದೊಡ್ಡದು ಕೊರೆದಿದ್ದರು, ಜೋಡಣೆ ಲಗೂ ಆಗಲಿ ಎಂದು. ಜೋಡಣೆ ಲಗೂ ಆಯಿತು. ಅರ್ಧ ದಿನದಲ್ಲಿ ಗುಮ್ಮಟ ನಿಂತಿತು, ಚೌಕದ ಮೂಲೆಗಳಲ್ಲಿ ಉಳಿದ ಸಂದಿಗೆ ಜಾಲರಿ ಬಿತ್ತು. ಅಂಗಳದ ಕಲ್ಲಿನ ಮೇಲೆ ತ್ರಿಕೋನದ ನೆರಳು ಬಿದ್ದದ್ದನ್ನು ನೋಡಿ ಅವ್ವನೇ ಛಲೋ ಆತು ಅಂದಳು.

ನಾನು ಏಣಿ ಹಾಕಿಸಿ, ದಾರಕ್ಕೆ ತೂಕ ಕಟ್ಟಿ ನಡುಗಂಟಿನ ಎತ್ತರ ಅಳೆದೆ. ಇರಬೇಕಾದದ್ದಕ್ಕಿಂತ ಒಂದು ಇಂಚಿಗೂ ಮಿಕ್ಕಿ ಕೆಳಗಿತ್ತು. ಮತ್ತೆ ಅಳೆದೆ, ಅಷ್ಟೇ ಬಂತು. ತೂತಿನ ಆ ಕೂದಲು ಉದ್ದದಲ್ಲಿ ಏನೂ ಅಲ್ಲ, ಆದರೆ ಇಂಥ ಚಪ್ಪಟೆ ಜಾಗದಲ್ಲಿ ಅದು ಎತ್ತರಕ್ಕೆ ಹನ್ನೆರಡು ಪಟ್ಟಾಗಿ ಇಳಿಯುತ್ತದೆ. ಮೂರು ಮಿಲಿಮೀಟರಿನಲ್ಲಿ ಎರಡು ಆಗಲೇ ಖರ್ಚಾಗಿದ್ದವು. ಮೇಲೆ ಯಾರೂ ಹತ್ತಬಾರದು, ಏನೂ ಇಡಬಾರದು ಎಂದು ತಮ್ಮನಿಗೆ ಹೇಳಿದೆ. ಮಂಗ್ಯಾ ಕೂತರೆ ಏನು ಮಾಡಲಿ, ಬೋರ್ಡು ಬರೆಸಿ ಹಾಕಲೇನು ಎಂದು ಕೇಳಿದ. ಎಲ್ಲರೂ ನಕ್ಕರು. ನಾನು ಧಾರವಾಡಕ್ಕೆ ಬಂದು ಮಂಗನ ತೂಕ ಹಾಕಿ ಲೆಕ್ಕ ಮಾಡಿದೆ. ಹಾಳೆಯ ಭಾರ, ಗಾಳಿಯ ಒತ್ತಡ, ಮಂಗ, ಎಲ್ಲಕ್ಕೂ ಹೇಗೋ ತಡೆಯುತ್ತದೆ ಅನ್ನಿಸಿತು. ಕೆಳಗಿನಿಂದ ಯಾರಾದರೂ ಜಗ್ಗುತ್ತಾರೆಂಬ ಯೋಚನೆಯೇ ನನಗೆ ಬಂದಿರಲಿಲ್ಲ.

ಹೆಸರಿಡುವ ದಿನ ನಾನು ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಐನಾರು ಬಂದು ಕೂಸಿನ ಲಿಂಗಧಾರಣೆ ಮುಗಿಸಿ ಹೋಗಿದ್ದರು. ಅಂಗಳದ ತುಂಬ ಹೆಂಗಸರು, ಗುಗ್ಗರಿಯ ವಾಸನೆ. ನಡುವೆ ನಮ್ಮ ಮನೆಯ ಸಾಗುವಾನಿ ತೊಟ್ಟಿಲು ಹೂವಿನ ಮಾಲೆ ಹಾಕಿಕೊಂಡು ತೂಗಾಡುತ್ತಿತ್ತು. ಹಗ್ಗದ ಮೇಲೆ ಕಣ್ಣು ಹಾಯಿಸುತ್ತ ಹೋದೆ. ನಡುಗಂಟಿಗೇ ಕಟ್ಟಿದ್ದರು. ನಮ್ಮಲ್ಲಿ ತೊಟ್ಟಿಲು ಕಟ್ಟುವುದು ಮನೆಯ ಜಂತಿಗೆ. ಗುಮ್ಮಟಕ್ಕೆ ಜಂತಿ ಇಲ್ಲ, ಸರಿಯಾಗಿ ನಟ್ಟನಡುವೆ ಒಂದು ದಪ್ಪ ಬೋಲ್ಟು ಕಾಣುತ್ತದೆ, ಎಲ್ಲರಿಗೂ ಕಾಣುವ ಜಾಗ ಅದು. ಅದಕ್ಕಿಂತ ಒಳ್ಳೆಯ ಕೊಂಡಿ ಎಲ್ಲಿ ಸಿಗಬೇಕು ಎಂದು ಅವ್ವನಿಗೆ ಅನ್ನಿಸಿತ್ತು.

ತಮ್ಮನನ್ನು ಬದಿಗೆ ಕರೆದು ಹೇಳಿದೆ. ಕೂಸು ಮೂರು ಕಿಲೋ ಇಲ್ಲ ಅಕ್ಕಾ ಎಂದ. ಕೂಸಿನ ತೂಕವಲ್ಲ, ತೊಟ್ಟಿಲಿನ ತೂಕ, ತೂಗಿದಾಗ ಬೀಳುವ ಜಗ್ಗು, ಅದೂ ಬೀಳಬಾರದ ಒಂದೇ ಜಾಗಕ್ಕೆ ಎಂದೆ. ಬಂದವರ ಎದುರು ಶುರು ಮಾಡಬೇಡ ಎಂದು ಅವನು ಗುಗ್ಗರಿ ಹಂಚಲು ಹೋದ.

ಅಷ್ಟರಲ್ಲಿ ಹೆಂಗಸರು ಗುಂಡಕಲ್ಲನ್ನು ತಂದರು. ಕೂಸಿಗಿಂತ ಮೊದಲು ಖಾರ ರುಬ್ಬುವ ಗುಂಡಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಕುಂಚಿಗೆ ತೊಡಿಸಿ, ತೊಟ್ಟಿಲಲ್ಲಿ ಮಲಗಿಸಿ ತೂಗುವುದು ನಮ್ಮ ಪದ್ಧತಿ. ಕೂಸಿಗೆ ಬರುವ ಪೀಡೆ ಕಲ್ಲಿಗೆ ಹೋಗಲಿ, ಕಲ್ಲಿನಷ್ಟು ಗಟ್ಟಿಯಾಗಿ ಬೆಳೆಯಲಿ ಎಂದು. ಜೋಗುಳ ಎತ್ತಿದರು, ಹಗ್ಗ ಜಗ್ಗಿದರು. ನಾನು ಕಲ್ಲನ್ನು ನೋಡಲಿಲ್ಲ, ಮೇಲೆ ನೋಡುತ್ತ ನಿಂತೆ. ಪ್ರತಿ ತೂಗಿಗೂ ನಡುಗಂಟು ಕೆಳಗೆ ಬಂದು ಮೇಲೆ ಹೋದಂತೆ ಕಂಡಿತು. ಖರೇ ಬರುತ್ತಿತ್ತೋ, ನನ್ನ ಕಣ್ಣು ಹಾಗೆ ಹೇಳುತ್ತಿತ್ತೋ ತಿಳಿಯಲಿಲ್ಲ. ಹಾಡು ಮುಗಿದರೆ ಕಲ್ಲನ್ನು ತೆಗೆದು ಕೂಸನ್ನು ಹಾಕುತ್ತಾರೆ. ಹಾಡು ಮುಗಿಯಬಾರದು ಎಂದು ಬೇಡಿಕೊಂಡೆ, ತೂಗುವುದನ್ನು ನಿಲ್ಲಿಸಲಿ ಎಂದೂ ಬೇಡಿಕೊಂಡೆ.

ಹಾಡು ಮುಗಿಯಿತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ನಾನೇ, ಅವ್ವ ನನ್ನನ್ನು ಕರೆದಳು. ತಮ್ಮನ ಹೆಂಡತಿ ಕೂಸನ್ನು ಎದೆಗೆ ಒತ್ತಿಕೊಂಡು ತೊಟ್ಟಿಲ ಬದಿಗೆ ನಿಂತಿದ್ದಳು.

ತೊಟ್ಟಿಲನ್ನು ಬಿಚ್ಚಿ ಬೇರೆ ಕಡೆ ಕಟ್ಟಿರಿ ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಕಟ್ಟಿದ ತೊಟ್ಟಿಲನ್ನು ಕೂಸು ಹಾಕುವ ಮೊದಲು ಬಿಚ್ಚುವ ಮಾತು ಅಲ್ಲಿ ಯಾರೂ ಕೇಳಿರಲಿಲ್ಲ. ನಮ್ಮ ಅತ್ತೆ ಒಬ್ಬಳು ಶಿವಶಿವಾ ಎಂದು ಕಿವಿ ಮುಟ್ಟಿಕೊಂಡಳು. ಅವ್ವನ ಮುಖ ಕೆಂಪಾಯಿತು.

"ಲೆಕ್ಕಾನೂ ನಿಂದ, ಅಂಜಿಕಿನೂ ನಿಂದ. ನಾವು ಯಾವದನ್ನ ನಂಬೂಣು?" ಎಂದಳು.

ತಮ್ಮ ಬಂದು, ಬಂದವರ ಎದುರು ನಗುತ್ತಲೇ, ಏನೂ ಆಗುವುದಿಲ್ಲ, ಹಾಕಿರಿ ಎಂದ. ಆಗ ಅವನ ಹೆಂಡತಿ ನನ್ನತ್ತ ತಿರುಗಿದಳು. ಅವಳ ದನಿ ಬಹಳ ಸಣ್ಣದು, ಬಾಗಿ ಕೇಳಬೇಕಾಯಿತು.

"ಅಕ್ಕಾರ, ನಿಮ್ಮ ಕೂಸಾಗಿದ್ರ ನೀವು ಹಾಕತಿದ್ರೇನ್ರಿ?"

ಬಹುಶಃ ಬೀಳುವುದಿಲ್ಲ ಎನ್ನಬಹುದಿತ್ತು. ಲೆಕ್ಕದ ಪ್ರಕಾರ ಅದೇ ಸರಿಯಾದ ಉತ್ತರವೂ ಆಗಿತ್ತು. ಆದರೆ ಅವಳು ಲೆಕ್ಕ ಕೇಳಿರಲಿಲ್ಲ.

"ಇಲ್ಲವ್ವಾ, ಹಾಕತಿದ್ದಿಲ್ಲ," ಎಂದೆ.

ಅವಳು ಮತ್ತೇನೂ ಕೇಳದೆ ಕೂಸನ್ನೆತ್ತಿಕೊಂಡು ಒಳಗಿನ ಖೋಲಿಗೆ ನಡೆದುಬಿಟ್ಟಳು. ಹಿಂದೆ ನಾನು ಹೋದೆ, ನನ್ನ ಹಿಂದೆ ಗೊಣಗುತ್ತ ಹೆಂಗಸರು ಬಂದರು. ಹೆಸರಿಟ್ಟದ್ದು ಅವಳ ತೊಡೆಯ ಮೇಲೆಯೇ. ನಾನು ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಪದ್ಧತಿಯಂತೆ ನನ್ನ ಬೆನ್ನಿಗೆ ಗುದ್ದಿದರು. ಅದು ಹಗುರಾಗಿ, ನಗುತ್ತ ಗುದ್ದುವ ಗುದ್ದು. ಆ ದಿನ ಒಂದೆರಡು ಹಗುರಾಗಿರಲಿಲ್ಲ. ಊಟಕ್ಕೆ ಕೂತಾಗ ಅವ್ವ ನನ್ನ ಎಲೆಗೆ ಹೋಳಿಗೆ ಹಾಕಿದಳು, ಮುಖ ಮಾತ್ರ ನೋಡಲಿಲ್ಲ.

ಮಧ್ಯಾಹ್ನ ಬಂದವರೆಲ್ಲ ಹೋದ ಮೇಲೆ ತಮ್ಮ ತೊಟ್ಟಿಲು ಬಿಚ್ಚಿ ಇಳಿಸಿದ. ಆಮೇಲೆ ನನ್ನನ್ನು ಕರೆದು ಅಂಗಳದಲ್ಲಿ ನಿಲ್ಲಿಸಿ, ಅದೇ ಹಗ್ಗ ಹಿಡಿದು, ಎರಡೂ ಕಾಲೆತ್ತಿ ಜೋತುಬಿದ್ದ. ನಾನು ಕಣ್ಣು ಮುಚ್ಚಿಕೊಂಡೆ. ಕಿರ್ರೆಂದದ್ದು ಕೇಳಿತು. ಕಣ್ಣು ತೆರೆದಾಗ ಅವನು ಇನ್ನೂ ಜೋತಾಡುತ್ತಲೇ ಇದ್ದ, ಗುಮ್ಮಟ ಇದ್ದಲ್ಲೇ ಇತ್ತು. ಎಪ್ಪತ್ತು ಕಿಲೋ ತಡೀತು, ಇನ್ನೇನು ಬೇಕು ನಿನಗ ಎಂದು ಕೇಳಿದ. ಅವ್ವ ಪಡಸಾಲೆಯಿಂದ ಎಲ್ಲ ನೋಡುತ್ತಿದ್ದಳು. ಊಟಕ್ಕೆ ಬಂದು ಇನ್ನೂ ಕೂತಿದ್ದ ಕಾಕಾ ಮಾತ್ರ, ಮುಂದಿನ ವಾರ ನಡುವನ್ನು ಜ್ಯಾಕ್ ಇಟ್ಟು ಎತ್ತಿ ಸಂದುಗಳನ್ನೆಲ್ಲ ವೆಲ್ಡ್ ಮಾಡಿಕೊಡುತ್ತೇನೆ ಎಂದರು. ಹಾಗೆಯೇ ಮಾಡಿಯೂ ಕೊಟ್ಟರು. ಆದರೆ ಆ ಹೊತ್ತಿಗೆ ನನಗೆ ಸಮಾಧಾನಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ಅಷ್ಟು ಕಷ್ಟದಿಂದ ಉಳಿದು ಬಂದ ಕೂಸಿನ ಕಾರ್ಯವನ್ನು ನಾನು ಕೆಡಿಸಿದ್ದೆ. ಧಾರವಾಡದ ಬಸ್ಸು ಹಿಡಿಯೋಣವೆಂದು ಚೀಲ ತರಲು ಒಳಗಿನ ಖೋಲಿಗೆ ಹೋದೆ.

ತಮ್ಮನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅಂಗಳದ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಏನೂ ಆಗುತ್ತಿರಲಿಲ್ಲ, ನಾನೇ ಸುಮ್ಮನೆ ನಿನ್ನನ್ನು ಹೆದರಿಸಿದೆ ಎಂದು ಹೇಳಿದೆ.

"ಎಲ್ಲಾರೂ ನನಗ ಅಂಜಬ್ಯಾಡ ಅಂತನ ಹೇಳಿದ್ರು, ಅಕ್ಕಾರ," ಎಂದಳು. "ಆ ದವಾಖಾನಿಗೆ ಹೋದಾಗಿಂದ ನಾ ಒಬ್ಬಾಕಿನ ಅಂಜಾಕತ್ತಿದ್ದೆ. ಇವತ್ತ ನೀವು ನನ್ನ ಜೋಡಿ ಅಂಜಿದ್ರಿ."

ನಾನು ಚೀಲ ಬಿಟ್ಟು ಅವಳ ಪಕ್ಕ ಕೂತೆ. ಅವಳು ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟಳು, ಅದರ ತಲೆಯ ಕೆಳಗೆ ನನ್ನ ಕೈ ಸರಿಯಾಗಿ ಇರಿಸಿದಳು. ಆಮೇಲೆ ಚಾಪೆಯ ಮೇಲೆ ಉರುಳಿ, ಕೂಸಿನ ಕಡೆಗೆ ಬೆನ್ನು ಮಾಡಿ ಮಲಗಿದಳು. ಸತ್ತೂರಿನಿಂದ ಬಂದ ಮೇಲೆ ಅವಳು ಕೂಸಿನ ಮೇಲಿನ ಕಣ್ಣು ತೆಗೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಎರಡು ನಿಮಿಷದಲ್ಲಿ ಅವಳಿಗೆ ನಿದ್ದೆ ಹತ್ತಿತು. ನಾನು ಬಸ್ಸು ಬಿಟ್ಟು, ಅವಳು ಏಳುವವರೆಗೂ ಕೂಸಿನ ಉಸಿರು ನೋಡುತ್ತ ಅಲ್ಲೇ ಕೂತೆ.